ಗ್ರೀಸ್ ಫಿಯೋರ್ಡ್‌ನಿಂದ ಕಾನಾಕ್‌ಗೆ ವಿಮಾನದಲ್ಲಿ ಎಷ್ಟು ದೂರ? ಒಂದೊಂದು ಕಡೆ ಒಂದೊಂದು ಲೆಕ್ಕ ಬರ್ತಿದೆ

ಶನಿವಾರದ_ಕ್ವಿಜ್:
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಹೈಸ್ಕೂಲ್ ಮಕ್ಕಳಿಗೆ ರಸಪ್ರಶ್ನೆ ನಡೆಸುತ್ತೇನೆ. ಈ ಸಲದ ವಿಷಯ ಉತ್ತರ ಧ್ರುವದ ಸುತ್ತಲಿನ ಊರುಗಳು. ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಗ್ರೀಸ್ ಫಿಯೋರ್ಡ್ ಅಂತ ಒಂದು ಹಳ್ಳಿ ಇದೆ. ಸೈನಿಕ ನೆಲೆ, ಹವಾಮಾನ ಕೇಂದ್ರ ಬಿಟ್ಟರೆ ಆ ದೇಶದಲ್ಲಿ ಜನ ಮನೆ ಮಾಡಿಕೊಂಡಿರುವ ತೀರಾ ಉತ್ತರದ ಊರು ಅದೇ. 2021ರ ಜನಗಣತಿಯಲ್ಲಿ ಅಲ್ಲಿದ್ದವರು 144 ಜನ. ಸಮುದ್ರದ ಆಚೆ ದಡದಲ್ಲಿ, ಗ್ರೀನ್‌ಲ್ಯಾಂಡ್‌ನಲ್ಲಿ, ಕಾನಾಕ್ ಇದೆ. ಅಲ್ಲಿ ಆರುನೂರು ಚಿಲ್ಲರೆ ಜನ.

ಇವೆರಡರ ನಡುವಿನ ವಿಮಾನ ದೂರ ಕೇಳೋಣ ಅಂದುಕೊಂಡೆ. ದೂರ ಅಳೆಯುವ ತಾಣ 360 ಕಿ.ಮೀ. ಎನ್ನುತ್ತದೆ. ಫೋನಿನ ನಕ್ಷೆಯಲ್ಲಿ ನೋಡಿದರೆ ಅದಕ್ಕಿಂತ ಎಷ್ಟೋ ಜಾಸ್ತಿ ಕಾಣುತ್ತದೆ. ಟಿಕೆಟ್ ಹುಡುಕಿದರೆ ಏನೂ ಸಿಗುವುದೇ ಇಲ್ಲ. ಉತ್ತರದ ಹಾಳೆಯಲ್ಲಿ ಏನು ಬರೆಯಲಿ?

ನಕ್ಷೆ_ಹುಚ್ಚ:
360 ಸರಿ. ಕಣ್ಣು ಮುಚ್ಚಿ ಬರೆಯಿರಿ.

ನಕ್ಷೆಯಲ್ಲಿ ಜಾಸ್ತಿ ಕಾಣುವುದಕ್ಕೆ ಕಾರಣ ಮರ್ಕೇಟರ್ ವಿಧಾನ. ಧ್ರುವದ ಕಡೆಗೆ ಹೋದಷ್ಟೂ ಅದು ಭೂಮಿಯನ್ನು ಎಳೆದು ಹಿಗ್ಗಿಸುತ್ತದೆ. 77 ಡಿಗ್ರಿ ಉತ್ತರದಲ್ಲಿ ಹಿಗ್ಗುವುದು ಸುಮಾರು ನಾಲ್ಕೂವರೆ ಪಟ್ಟು. ಬೆಂಗಳೂರಿನಿಂದ ಹುಬ್ಬಳ್ಳಿಗೆ ನೇರ ಗೆರೆ ಎಳೆದರೂ ಹೆಚ್ಚುಕಮ್ಮಿ ಇಷ್ಟೇ ದೂರ. ಆದರೆ ನಕ್ಷೆಯನ್ನು ಅದೇ ಅಳತೆಯಲ್ಲಿಟ್ಟು ಉತ್ತರಕ್ಕೆ ಸರಿಸಿದರೆ ಈ ಗೆರೆ ಅದರ ನಾಲ್ಕು ಪಟ್ಟಿಗಿಂತ ಉದ್ದ ಕಾಣುತ್ತದೆ.

ಲೆಕ್ಕ ಮಕ್ಕಳಿಗೂ ಮಾಡಿ ತೋರಿಸಬಹುದು. ಗ್ರೀಸ್ ಫಿಯೋರ್ಡ್ ನಿಲ್ದಾಣ 76.43 ಡಿಗ್ರಿ ಉತ್ತರ, 82.91 ಡಿಗ್ರಿ ಪಶ್ಚಿಮ. ಕಾನಾಕ್ ನಿಲ್ದಾಣ 77.49 ಉತ್ತರ, 69.39 ಪಶ್ಚಿಮ. ಅಕ್ಷಾಂಶದ ವ್ಯತ್ಯಾಸ 1.06 ಡಿಗ್ರಿ. ಅಲ್ಲಿ ಒಂದು ಡಿಗ್ರಿಗೆ 111.6 ಕಿ.ಮೀ., ಅಂದರೆ 118 ಕಿ.ಮೀ. ಆಯಿತು. ರೇಖಾಂಶದ ವ್ಯತ್ಯಾಸ 13.52 ಡಿಗ್ರಿ. ನಮ್ಮ ಕಡೆ ರೇಖಾಂಶದ ಒಂದು ಡಿಗ್ರಿ ಅಂದರೆ 108 ಕಿ.ಮೀ. ಅಲ್ಲಿ ರೇಖೆಗಳೆಲ್ಲ ಧ್ರುವದ ಕಡೆ ಒತ್ತಿಕೊಂಡು ಬರುತ್ತವೆ, ಹಾಗಾಗಿ ಡಿಗ್ರಿಗೆ 25 ಕಿ.ಮೀ. ಚಿಲ್ಲರೆ ಅಷ್ಟೇ. ಅದು 341 ಕಿ.ಮೀ. ಆಯಿತು. ಇನ್ನು ಪೈಥಾಗೊರಸ್. 118ರ ವರ್ಗಕ್ಕೆ 341ರ ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ. 361 ಬರುತ್ತದೆ. ಗೋಳದ ಮೇಲಿನ ಪಕ್ಕಾ ಸೂತ್ರ ಹಾಕಿದರೆ ಒಂದೆರಡು ಕಿ.ಮೀ. ಕಡಿಮೆಯಾಗುತ್ತದೆ.

ಹುಬ್ಳಿ_ಹುಡ್ಗ:
ಹುಬ್ಬಳ್ಳಿ ಹೆಸರು ಬಂತು, ಬಂದುಬಿಟ್ಟೆ ನೋಡ್ರಿ 😄 ಆದ್ರ ನಮಗ ರೈಲು ಐತಿ, ಬಸ್ಸು ಐತಿ, ವಿಮಾನಾನೂ ಐತಿ. ಅಲ್ಲಿ ಏನೈತಿ?

ಒಟ್ಟಾವಾ_ಅಕ್ಕ:
ಅಲ್ಲಿ ಏನೂ ಇಲ್ಲ ತಮ್ಮಾ. ಅದೇ ವಿಷಯ.

ನಾನು ಒಟ್ಟಾವಾದಲ್ಲಿ ನರ್ಸ್. ಉತ್ತರ ಕೆನಡಾದ ಬ್ಯಾಫಿನ್ ದ್ವೀಪದ ಕಡೆಯ ರೋಗಿಗಳು ನಮ್ಮ ವಾರ್ಡಿಗೆ ಬರುತ್ತಿರುತ್ತಾರೆ. ಆ ಎರಡು ಊರುಗಳ ನಡುವೆ ನಿಗದಿತ ವಿಮಾನ ಇಲ್ಲ. ಟಿಕೆಟ್ ಹುಡುಕಿದರೆ ಸಿಗದಿರುವುದು ತಾಣದ ತಪ್ಪಲ್ಲ. ಗ್ರೀಸ್ ಫಿಯೋರ್ಡ್‌ನಿಂದ ಹೊರಡುವ ವಿಮಾನಕ್ಕೆ ಇರುವುದು ಒಂದೇ ದಿಕ್ಕು: ನೈಋತ್ಯಕ್ಕೆ 385 ಕಿ.ಮೀ. ದೂರದ ರೆಸೊಲ್ಯೂಟ್. ಅದೂ ದಿನಾ ಇಲ್ಲ, ವಾರಕ್ಕೆ ಒಂದೆರಡು ಸಲ. ರೆಸೊಲ್ಯೂಟ್‌ನಲ್ಲಿ ವಿಮಾನ ಬದಲಿಸಿ ಇಕಾಲುಯಿಟ್‌ಗೆ ಬರಬೇಕು. ಅದು ನುನಾವುಟ್ ಪ್ರದೇಶದ ರಾಜಧಾನಿ, ದೊಡ್ಡ ಆಸ್ಪತ್ರೆ ಇರುವುದು ಅಲ್ಲೇ. ಅಲ್ಲಿ ಆಗದ ಚಿಕಿತ್ಸೆಗೆ ನಮ್ಮಲ್ಲಿಗೆ. ಹೆರಿಗೆಗೂ ಅಷ್ಟೇ. ದಿನ ತುಂಬುವ ವಾರಗಳ ಮೊದಲೇ ಹೆಂಗಸರು ಊರು ಬಿಟ್ಟು ಬಂದು ಕಾಯುತ್ತಾರೆ. ಒಟ್ಟಾವಾದಲ್ಲಿ ಲಾರ್ಗಾ ಬಾಫಿನ್ ಅಂತ ಅವರಿಗೆ ಉಳಿಯಲು ಒಂದು ಮನೆ ಇದೆ. ಊಟದ ಹೊತ್ತಿಗೆ ಅಲ್ಲಿ ಹೋದರೆ ಬ್ಯಾಫಿನ್ ದ್ವೀಪದ ಅರ್ಧ ಊರುಗಳ ಜನ ಒಂದೇ ಕೋಣೆಯಲ್ಲಿ ಸಿಗುತ್ತಾರೆ.

ಅವರನ್ನು ದೂರ ಎಷ್ಟು ಅಂತ ಕೇಳಿದರೆ ಯಾರೂ ಕಿಲೋಮೀಟರಿನಲ್ಲಿ ಹೇಳುವುದಿಲ್ಲ. ಎಲ್ಲೆಲ್ಲಿ ವಿಮಾನ ಬದಲಿಸಬೇಕು, ಗಾಳಿ ಹೇಗಿದೆ, ಮುಂದಿನ ವಿಮಾನ ಯಾವಾಗ, ಇದೇ ಲೆಕ್ಕ.

ಶನಿವಾರದ_ಕ್ವಿಜ್:
ಅಕ್ಕ, ಹಾಗಾದರೆ ಗ್ರೀಸ್ ಫಿಯೋರ್ಡ್‌ನವರು ಕಾನಾಕ್‌ಗೆ ಹೋಗಲೇಬೇಕು ಅಂತಾದರೆ? ಮದುವೆಗೋ, ನೆಂಟರ ಮನೆಗೋ?

ನಕ್ಷೆ_ಹುಚ್ಚ:
ಈ ಲೆಕ್ಕ ನಾನು ಹಾಕುತ್ತೇನೆ, ಬಿಡಿ. ಎಲ್ಲವೂ ನಿಲ್ದಾಣದಿಂದ ನಿಲ್ದಾಣಕ್ಕೆ ನೇರ ದೂರ. ನಡುವೆ ಬೇರೆ ಊರುಗಳಲ್ಲಿ ಇಳಿದು ಹತ್ತಿದರೆ ಇನ್ನೂ ಜಾಸ್ತಿ.

ಬೇಸಿಗೆಯ ದಾರಿ ಮೊದಲು. ರೆಸೊಲ್ಯೂಟ್‌ಗೆ 385. ಅಲ್ಲಿಂದ ಇಕಾಲುಯಿಟ್‌ಗೆ 1,575. ಇಕಾಲುಯಿಟ್‌ನಿಂದ ಗ್ರೀನ್‌ಲ್ಯಾಂಡ್‌ನ ರಾಜಧಾನಿ ನೂಕ್‌ಗೆ 825. ನೂಕ್‌ನಿಂದ ಇಲುಲಿಸಾಟ್‌ಗೆ 565. ಇಲುಲಿಸಾಟ್‌ನಿಂದ ಕಾನಾಕ್‌ಗೆ 1,075. ಒಟ್ಟು 4,400 ಕಿ.ಮೀ. ದಾಟಿತು. ನೇರ ದೂರದ ಹನ್ನೆರಡು ಪಟ್ಟು.

ಇದರಲ್ಲಿ ಇಕಾಲುಯಿಟ್–ನೂಕ್ ಕೊಂಡಿ ಗಟ್ಟಿಯಾದದ್ದಲ್ಲ. ಏರ್ ಗ್ರೀನ್‌ಲ್ಯಾಂಡ್ 2012ರಲ್ಲಿ ಶುರು ಮಾಡಿತ್ತು, ಕೆಲವೇ ವರ್ಷಗಳಲ್ಲಿ ನಿಂತಿತು. 2024ರ ಬೇಸಿಗೆಯಲ್ಲಿ ಮತ್ತೆ ಬಂತು, ವಾರಕ್ಕೊಂದು ವಿಮಾನ. ಅದು ಹಾರದ ತಿಂಗಳಲ್ಲಿ ಹೊರಟಿರಿ ಅನ್ನಿ. ಇಕಾಲುಯಿಟ್‌ನಿಂದ ಒಟ್ಟಾವಾ, ಟೊರೊಂಟೊ, ಐಸ್‌ಲ್ಯಾಂಡ್‌ನ ಕೆಫ್ಲಾವಿಕ್, ಆಮೇಲೆ ನೂಕ್. ಆಗ ಒಟ್ಟು 11,600ರ ಹತ್ತಿರ. ಐಸ್‌ಲ್ಯಾಂಡ್ ಹೊಂದದೆ ಕೋಪನ್‌ಹೇಗನ್ ಹಿಡಿದರೆ 16,000ರ ಹತ್ತಿರ ಹೋಗುತ್ತದೆ.

ಕರಾವಳಿ_ಕಡಲ:
ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗಾಯ್ತಲ್ಲ ಮಾರಾಯ್ರೆ! ಇವರದ್ದು ಕೊಂಕಣ ಅಲ್ಲ, ಯುರೋಪೇ ಸುತ್ತಿದ್ದು.

ನನ್ನ ಪ್ರಶ್ನೆ ಬೇರೆ ಉಂಟು. 360 ಕಿ.ಮೀ. ಅಂದರೆ ಸಣ್ಣ ವಿಮಾನಕ್ಕೂ ಒಂದೂವರೆ ಗಂಟೆಯ ಕೆಲಸ. ಬಾಡಿಗೆಗೆ ಒಂದು ವಿಮಾನ ಮಾಡಿ ಸೀದಾ ಹೋದರೆ ಆಗುವುದಿಲ್ಲವಾ?

ರೆಕ್ಕೆ_ರಿಪೇರಿ:
ವಿಮಾನ ನಿರ್ವಹಣೆಯ ಕೆಲಸ ನನ್ನದು, ಅದಕ್ಕೇ ಬಾಯಿ ಹಾಕುತ್ತಿದ್ದೇನೆ.

ಆಗುತ್ತದೆ. ಆದರೆ ಯಾವ ವಿಮಾನ ಅನ್ನುವುದನ್ನು ಗ್ರೀಸ್ ಫಿಯೋರ್ಡ್‌ನ ರನ್‌ವೇ ತೀರ್ಮಾನ ಮಾಡುತ್ತದೆ. ಅಲ್ಲಿರುವುದು 510 ಮೀಟರ್ ಜಲ್ಲಿಕಲ್ಲಿನ ಪಟ್ಟಿ. ಒಂದು ಕಡೆ ಬೆಟ್ಟ, ಒಂದು ಕಡೆ ಸಮುದ್ರ. ಬೆಟ್ಟದಿಂದ ಗಾಳಿ ಇಳಿದು ಬಂದರೆ ಆ ದಿನ ಮರೆತುಬಿಡಿ. ಕಾನಾಕ್‌ಗೆ ಬರುವ ಡ್ಯಾಶ್-8ಕ್ಕೆ ಅಲ್ಲಿನ 900 ಮೀಟರ್ ಜಲ್ಲಿ ಸಾಕು, ಇಲ್ಲಿನ 510 ಸಾಲದು. ಹಾಗಾಗಿ ಉಳಿಯುವುದು ಟ್ವಿನ್ ಆಟರ್. ಕೆನಡಾದಲ್ಲೇ ತಯಾರಾದದ್ದು, 1965ರಲ್ಲಿ ಮೊದಲು ಹಾರಿದ್ದು. ಎರಡು ಎಂಜಿನ್, ಗಾಲಿ ಒಳಗೆ ಮಡಚಿಕೊಳ್ಳುವುದಿಲ್ಲ, ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡ ಕಾಯ್ದಿಡುವ ವ್ಯವಸ್ಥೆಯೂ ಇಲ್ಲ. 19 ಸೀಟು ಅಂತ ಹೆಸರಿಗೆ. ಉತ್ತರದಲ್ಲಿ ಮುಂದಿನ ಅರ್ಧಕ್ಕೆ ಬಲೆ ಕಟ್ಟಿ ಸಾಮಾನು ತುಂಬುತ್ತಾರೆ, ಹಿಂದಿನ ಅರ್ಧದಲ್ಲಿ ಜನ. ಗಂಟೆಗೆ 280 ಕಿ.ಮೀ. ಅಂದುಕೊಂಡರೆ ಎದುರುಗಾಳಿ ಇಲ್ಲದಾಗ ಒಂದು ಗಂಟೆ ಇಪ್ಪತ್ತು ನಿಮಿಷ.

ತೊಡಕು ಬರುವುದು ಇಂಧನದಲ್ಲಿ. ಕಾನಾಕ್ ಮೇಲೆ ಹೋದಾಗ ಮಂಜು ಕವಿದಿದ್ದರೆ ಎಲ್ಲಿ ಇಳಿಯುವುದು? ಹತ್ತಿರ ಇರುವುದು 110 ಕಿ.ಮೀ. ದಕ್ಷಿಣದ ಪಿಟುಫಿಕ್, ಅಮೆರಿಕದ ಸೈನಿಕ ನೆಲೆ. 2023ರವರೆಗೆ ಅದರ ಹೆಸರು ಥುಲೆ ವಾಯುನೆಲೆ. ಅಲ್ಲಿ ಇಳಿಯಲು ಮೊದಲೇ ಅನುಮತಿ ಬೇಕು. ಇದನ್ನೆಲ್ಲ ಲೆಕ್ಕ ಹಾಕಿ ಎಣ್ಣೆ ತುಂಬಿದರೆ ಆ ಚಿಕ್ಕ ರನ್‌ವೇಯಿಂದ ಏಳುವಾಗ ಜನ, ಸಾಮಾನು ಇಳಿಸಬೇಕಾಗುತ್ತದೆ. ನವೆಂಬರಿನಿಂದ ಫೆಬ್ರವರಿ ಶುರುವಿನವರೆಗೆ ಸೂರ್ಯ ಮುಖ ತೋರಿಸುವುದಿಲ್ಲ. ಬೇಸಿಗೆಯಲ್ಲಿ ಬೆಳಕಿದ್ದರೂ ತೆರೆದ ನೀರಿನಿಂದ ಮಂಜು ಏಳುತ್ತದೆ.

ಇನ್ನೊಂದು ಮಜಾ. ಗ್ರೀಸ್ ಫಿಯೋರ್ಡ್ ಬಿಡುವಾಗ ವಿಮಾನದ ಮೂತಿ ನಿಜ ಉತ್ತರದಿಂದ (ಅಂದರೆ ಭೂಮಿಯ ಉತ್ತರ ಧ್ರುವದ ದಿಕ್ಕಿನಿಂದ) 64 ಡಿಗ್ರಿ ಇರಬೇಕು. ಎಲ್ಲೂ ತಿರುಗದೆ ಅತಿ ಹತ್ತಿರದ ದಾರಿಯಲ್ಲೇ ಹೋದರೂ ಕಾನಾಕ್ ಮುಟ್ಟುವಾಗ ಅದೇ ಮೂತಿ 77 ಡಿಗ್ರಿ ಅಂತ ಓದಿಕೊಳ್ಳುತ್ತದೆ. ರೇಖಾಂಶದ ಗೆರೆಗಳು ಕಾಲಡಿಯಲ್ಲಿ ಅಷ್ಟು ಬೇಗ ತಿರುಗುತ್ತವೆ. ದಿಕ್ಸೂಚಿಯನ್ನು ನಂಬುವ ಹಾಗೂ ಇಲ್ಲ, ಕಾಂತ ಧ್ರುವ ಹತ್ತಿರ. 1990ರ ದಶಕದಲ್ಲಿ ಅದು ಕೆನಡಾದ ದ್ವೀಪಗಳ ನಡುವೆಯೇ ಇತ್ತು, ಆಮೇಲೆ ಸೈಬೀರಿಯಾದ ಕಡೆ ಸರಿಯುತ್ತಾ ಹೋಯಿತು. ಅದಕ್ಕೇ ಆ ಭಾಗದಲ್ಲಿ ಎಲ್ಲವನ್ನೂ ನಿಜ ಉತ್ತರದಿಂದಲೇ ಅಳೆಯುತ್ತಾರೆ. ರೆಸೊಲ್ಯೂಟ್ ರನ್‌ವೇಯ ದಿಕ್ಕು ಹೇಳುವ ಸಂಖ್ಯೆಗೂ ‘ಟಿ’ (ಟ್ರೂ, ಅಂದರೆ ನಿಜ) ಅಕ್ಷರ ಅಂಟಿಕೊಂಡಿದೆ.

ಹುಬ್ಳಿ_ಹುಡ್ಗ:
13 ಡಿಗ್ರಿ! ಹುಬ್ಬಳ್ಳಿಗೆ ಬರೋ ಪೈಲಟ್‌ಗೆ ಈ ತಲಿಬ್ಯಾನಿ ಇಲ್ಲ ಬಿಡ್ರಿ.

ನಕ್ಷೆ_ಹುಚ್ಚ:
ಒಂದು ಮಾತು ಸ್ಪಷ್ಟ ಮಾಡಿಬಿಡೋಣ. ದೂರ ಅಂದರೆ ದೂರ. ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ಗೆರೆ. ವಿಮಾನ ಕಂಪನಿಗೆ ಪ್ರಯಾಣಿಕರು ಸಿಕ್ಕಿದರೋ ಇಲ್ಲವೋ ಅನ್ನುವುದಕ್ಕೂ ಭೂಗೋಳಕ್ಕೂ ಸಂಬಂಧ ಇಲ್ಲ. 4,400, 11,600 ಇವೆಲ್ಲ ವೇಳಾಪಟ್ಟಿಯ ಅಂಕಿಗಳು. ಮಕ್ಕಳಿಗೆ ಕಲಿಸಬೇಕಾದದ್ದು 360.

ಇತಿಹಾಸ_ಓದು:
ನಕ್ಷೆ ಸರ್, ಒಪ್ಪಲು ಕಷ್ಟ. ಈ ಎರಡು ಊರುಗಳು ಆ ಬಿಂದುಗಳಲ್ಲಿ ಯಾಕಿವೆ ಅನ್ನುವುದೂ ಭೂಗೋಳ ಅಲ್ಲ. ಎರಡನ್ನೂ ಸರ್ಕಾರಗಳೇ ತಂದು ಅಲ್ಲಿಟ್ಟದ್ದು. ಅದೂ ಒಂದೇ ವರ್ಷ, 1953ರಲ್ಲಿ.

ಮೊದಲು ಕೆನಡಾ. ಕ್ವಿಬೆಕ್‌ನ ಉತ್ತರದ ಇನುಕ್‌ಜುವಾಕ್‌ನಿಂದಲೂ ಬ್ಯಾಫಿನ್ ದ್ವೀಪದ ಪಾಂಡ್ ಇನ್ಲೆಟ್‌ನಿಂದಲೂ ಇನುಯಿಟ್ (ಉತ್ತರದ ಮೂಲನಿವಾಸಿ) ಕುಟುಂಬಗಳನ್ನು ಸಿ. ಡಿ. ಹೋವ್ ಎಂಬ ಹಡಗಿನಲ್ಲಿ ಕರೆದೊಯ್ದರು. 1955ರಲ್ಲಿ ಇನ್ನೊಂದಷ್ಟು ಜನ. ಇನುಕ್‌ಜುವಾಕ್ ಅಲ್ಲಿಂದ ಸುಮಾರು 2,000 ಕಿ.ಮೀ. ದಕ್ಷಿಣಕ್ಕಿದೆ. ಅಲ್ಲಿನವರು ತಿಂಗಳುಗಟ್ಟಲೆ ಕತ್ತಲೆಯನ್ನು ಕಂಡವರಲ್ಲ. ಬೇಟೆಯ ಪ್ರಾಣಿ ಬೇರೆ, ಹಿಮ ಬೇರೆ. ಬೇಕಾದರೆ ವಾಪಸ್ ಬರಬಹುದು ಎಂದು ಮಾತು ಕೊಟ್ಟಿದ್ದರು. ಆ ಮಾತು ನಡೆಯಲಿಲ್ಲ. ಹಡಗಿನಲ್ಲಿ ಹೋಗುವಾಗ ತಾವೆಲ್ಲ ಒಂದೇ ಕಡೆ ಇರುತ್ತೇವೆ ಅಂದುಕೊಂಡಿದ್ದವರನ್ನು ಗ್ರೀಸ್ ಫಿಯೋರ್ಡ್ ಕಡೆಗೆ ಕೆಲವರು, ರೆಸೊಲ್ಯೂಟ್‌ಗೆ ಕೆಲವರು ಅಂತ ಹಂಚಿಬಿಟ್ಟರು. ಉತ್ತರದ ದ್ವೀಪಗಳ ಮೇಲೆ ದೇಶದ ಹಕ್ಕು ಗಟ್ಟಿ ಮಾಡಿಕೊಳ್ಳಲು ಜನರನ್ನು ಬಾವುಟದ ಕಂಬದ ಹಾಗೆ ನೆಟ್ಟರು ಎಂಬ ಆರೋಪ ಇದೆ. 1994ರಲ್ಲಿ ಅಲ್ಲಿನ ರಾಯಲ್ ಕಮಿಷನ್ ಈ ಬಗ್ಗೆ ವರದಿ ಕೊಟ್ಟಿತು. ಸರ್ಕಾರ ಕ್ಷಮೆ ಕೇಳಿದ್ದು 2010ರ ಆಗಸ್ಟ್‌ನಲ್ಲಿ.

ಅದೇ ವರ್ಷ ಎರಡೂ ಊರುಗಳಲ್ಲಿ ಸ್ಮಾರಕ ನಿಂತಿತು. ಗ್ರೀಸ್ ಫಿಯೋರ್ಡ್‌ನಲ್ಲಿ ಲೂಟಿ ಪಿಜಾಮಿನಿ ಕೆತ್ತಿದ್ದು ಒಬ್ಬ ಹೆಂಗಸು, ಒಬ್ಬ ಹುಡುಗ, ಒಂದು ಹಸ್ಕಿ ನಾಯಿ. ಹೆಂಗಸಿನ ಮುಖ ರೆಸೊಲ್ಯೂಟ್ ಕಡೆಗೆ. ರೆಸೊಲ್ಯೂಟ್‌ನಲ್ಲಿ ಸಿಮಿಯೊನಿ ಅಮಗೊವಾಲಿಕ್ ಕೆತ್ತಿದ್ದು ಒಂಟಿ ಗಂಡಸು. ಅವನು ನೋಡುತ್ತಿರುವುದು ಗ್ರೀಸ್ ಫಿಯೋರ್ಡ್ ಕಡೆಗೆ. ನೀವು ಹೇಳಿದ 385 ಕಿ.ಮೀ. ಅದೇ.

ಇನ್ನು ಆಚೆ ದಡ. 1951ರಲ್ಲಿ ಅಮೆರಿಕ–ಡೆನ್ಮಾರ್ಕ್ ಒಪ್ಪಂದವಾಗಿ ಥುಲೆ ನೆಲೆ ಎದ್ದಿತು. ಅದರ ಪಕ್ಕದಲ್ಲೇ ಉಮ್ಮನ್ನಾಕ್ ಎಂಬ ಹಳೆಯ ಊರಿತ್ತು. 1953ರ ಮೇ ತಿಂಗಳಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೆಲವೇ ದಿನದ ಗಡುವು ಕೊಟ್ಟು ಎಬ್ಬಿಸಿದರು. ನೂರು ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕೆ ಹೋಗಿ ಅವರು ನೆಲೆಸಿದ್ದೇ ಇವತ್ತಿನ ಕಾನಾಕ್. ಡೆನ್ಮಾರ್ಕ್‌ನ ನ್ಯಾಯಾಲಯ ಅದನ್ನು ಅನ್ಯಾಯ ಎಂದು ಒಪ್ಪಿ ಪರಿಹಾರ ಕೊಡಿಸಿದ್ದು 1999ರಲ್ಲಿ. ಪ್ರಧಾನಿ ಕ್ಷಮೆ ಕೇಳಿದ್ದೂ ಆ ವರ್ಷವೇ.

ಹೀಗಿರುವಾಗ 360 ಅನ್ನುವ ಅಂಕಿಯೇ ಎರಡು ಸರ್ಕಾರಗಳು 1953ರಲ್ಲಿ ಮಾಡಿದ ಕೆಲಸದಿಂದ ಹುಟ್ಟಿದ್ದು, ಅಲ್ವಾ?

ಕರಾವಳಿ_ಕಡಲ:
ಇದು ಗೊತ್ತೇ ಇರಲಿಲ್ಲ. ಮೊದಲು ಈ ಎರಡು ದಡಗಳ ಜನಕ್ಕೆ ಹೋಗಿಬರುವುದು ಇತ್ತಾ? ಅಥವಾ ಆಗಲೂ ಬೇರೆಬೇರೆಯೇ?

ಇತಿಹಾಸ_ಓದು:
ಧಾರಾಳವಾಗಿ ಇತ್ತು. 1850ರ ದಶಕದಲ್ಲಿ ಕಿಟ್ಲಾರ್ಸುವಾಕ್ ಎಂಬ ಬ್ಯಾಫಿನ್ ಕಡೆಯ ನಾಯಕ ತನ್ನ ಗುಂಪು ಕಟ್ಟಿಕೊಂಡು ಹೊರಟ. ವರ್ಷಗಟ್ಟಲೆ ನಡೆದು, ಅರ್ಧ ಜನ ದಾರಿಯಲ್ಲೇ ಹಿಂದಿರುಗಿ, ಉಳಿದವರು 1860ರ ದಶಕದ ಹೊತ್ತಿಗೆ ವಾಯವ್ಯ ಗ್ರೀನ್‌ಲ್ಯಾಂಡ್ ಸೇರಿದರು. ಅಲ್ಲಿನ ಇನುಘುಯಿಟ್ ಜನರಲ್ಲಿ ಕಯಾಕ್ ದೋಣಿ, ಬಿಲ್ಲುಬಾಣ ಎರಡೂ ಬಳಕೆ ತಪ್ಪಿದ್ದವು. ಇವರು ಹೋಗಿ ಮತ್ತೆ ಕಲಿಸಿದರು. ಈಗಿನ ಕಾನಾಕ್‌ನ ಎಷ್ಟೋ ಮನೆತನಗಳ ಬೇರು ಆಚೆ ದಡದಲ್ಲಿದೆ.

ದಾಟುತ್ತಿದ್ದದ್ದು ಉತ್ತರದ ಸ್ಮಿತ್ ಸೌಂಡ್ ಜಲಸಂಧಿಯಲ್ಲಿ. ಇಕ್ಕಟ್ಟಾದ ಕಡೆ ಅಗಲ 50 ಕಿ.ಮೀ. ಆಸುಪಾಸು. ಚಳಿಗಾಲದಲ್ಲಿ ಅಲ್ಲಿ ಮಂಜುಗಡ್ಡೆ ಕಮಾನಿನ ಹಾಗೆ ಕಟ್ಟಿಕೊಳ್ಳುತ್ತದೆ, ನಾಯಿಬಂಡಿಯಲ್ಲಿ ಹೋಗಬಹುದು. ಗ್ರೀನ್‌ಲ್ಯಾಂಡ್‌ನವರು ಎಲ್ಸ್‌ಮಿಯರ್‌ಗೆ ಬಂದು ಕಸ್ತೂರಿ ಎತ್ತು ಬೇಟೆಯಾಡುತ್ತಿದ್ದರು. ಕೆನಡಾ ಅದನ್ನು ಆಕ್ಷೇಪಿಸಿ 1922ರಲ್ಲಿ ಕ್ರೇಗ್ ಹಾರ್ಬರ್‌ನಲ್ಲಿ ಪೊಲೀಸ್ ಠಾಣೆ ತೆರೆಯಿತು. ದಾರಿ ಮುಚ್ಚುತ್ತಾ ಬಂದದ್ದು ಹಾಗೆ. ಈಗ ಮಂಜಿನ ಕಮಾನನ್ನೂ ನೆಚ್ಚಿಕೊಳ್ಳುವಂತಿಲ್ಲ. 2007ರಲ್ಲಿ ಅದು ಕಟ್ಟಲೇ ಇಲ್ಲ.

ಹುಬ್ಳಿ_ಹುಡ್ಗ:
ನಾಯಿಬಂಡಿ ಇದ್ದಾಗ ಪಕ್ಕದೂರು, ವಿಮಾನ ಬಂದಮ್ಯಾಲ ಪರದೇಶ. ಹಿಂಗೂ ಆಗ್ತೈತಿ ಅಂತ ಗೊತ್ತಿರಲಿಲ್ರಿ.

ರೆಕ್ಕೆ_ರಿಪೇರಿ:
ಬೇರಿಂಗ್ ಜಲಸಂಧಿಯಲ್ಲೂ ಇದೇ ಕಥೆ. ಅಲಾಸ್ಕಾದ ನೋಮ್, ರಷ್ಯಾದ ಪ್ರೊವಿಡೆನಿಯಾ. ನಡುವಿನ ದೂರ ಸುಮಾರು 375 ಕಿ.ಮೀ. 1948ರಲ್ಲಿ ಗಡಿ ಮುಚ್ಚಿದ ಮೇಲೆ ನಲವತ್ತು ವರ್ಷ ಆಚೀಚೆಯ ನೆಂಟರು ಮುಖ ನೋಡಲಿಲ್ಲ. 1988ರ ಜೂನ್ 13ರಂದು ಅಲಾಸ್ಕಾ ಏರ್‌ಲೈನ್ಸ್‌ನ ಒಂದು ಜೆಟ್ ‘ಸ್ನೇಹದ ಹಾರಾಟ’ ಅಂತ ಹೋಗಿಬಂತು. ಗಂಟೆಯೊಳಗಿನ ಹಾರಾಟ. ಜನ ಇಳಿದು ಅಜ್ಜಿ, ಚಿಕ್ಕಮ್ಮಂದಿರನ್ನು ಹುಡುಕಿಕೊಂಡರು.

ಶನಿವಾರದ_ಕ್ವಿಜ್:
ಹಾಗಾದರೆ ಗ್ರೀಸ್ ಫಿಯೋರ್ಡ್–ಕಾನಾಕ್ ನಡುವೆಯೂ ಯಾರಾದರೂ ದಾರಿ ತೆರೆಸುವ ಪ್ರಯತ್ನ ಮಾಡಿದ್ದಾರಾ?

ಒಟ್ಟಾವಾ_ಅಕ್ಕ:
ಮಾಡಿದ್ದಾರೆ. ಎರಡು ದಡಗಳ ನಡುವೆ ಚಳಿಗಾಲದಲ್ಲೂ ಹೆಪ್ಪುಗಟ್ಟದೆ ತೆರೆದೇ ಇರುವ ನೀರಿನ ಹರವು ಒಂದಿದೆ. ಪಿಕಿಯಾಲಸೊರ್ಸುವಾಕ್ ಎನ್ನುತ್ತಾರೆ. ತಿಮಿಂಗಿಲ, ವಾಲ್ರಸ್, ಹಕ್ಕಿಗಳೆಲ್ಲ ಅಲ್ಲೇ ಸೇರುವುದು. ಅದೇ ಹೆಸರಿನಲ್ಲಿ 2016ರಲ್ಲಿ ಇನುಯಿಟ್ ಮುಖಂಡರು ಒಂದು ಆಯೋಗ ಮಾಡಿ ಎರಡೂ ಕಡೆಯ ಊರುಗಳಿಗೆ ಹೋಗಿ ಜನರ ಮಾತು ಕೇಳಿದರು. ಮೊದಲಿನ ಹಾಗೆ ಓಡಾಡಲು ಬಿಡಿ ಎನ್ನುವುದು ವರದಿಯ ಬೇಡಿಕೆಗಳಲ್ಲೊಂದು. 2022ರ ಜೂನ್‌ನಲ್ಲಿ ಕೆನಡಾ, ಡೆನ್ಮಾರ್ಕ್ ಸೇರಿ ಇನ್ನೂ ಉತ್ತರಕ್ಕಿರುವ ನೇರ್ಸ್ ಜಲಸಂಧಿಯ ಮಧ್ಯದ ಹ್ಯಾನ್ಸ್ ದ್ವೀಪವನ್ನು ಹಂಚಿಕೊಂಡವು. ಇನುಯಿಟ್ ಹೆಸರು ಟಾರ್ಟುಪಾಲುಕ್. 1.3 ಚದರ ಕಿ.ಮೀ. ಬಂಡೆ ಅಷ್ಟೇ, ಆದರೆ ಬೇಟೆಗಾರರ ಓಡಾಟಕ್ಕೆ ಅಡ್ಡಿ ಬರಬಾರದು ಎಂಬ ಮಾತು ಆಗ ಬಂತು.

ವಿಮಾನ ಅಂದರೆ ಮಾತ್ರ ಕಸ್ಟಮ್ಸ್, ಪಾಸ್‌ಪೋರ್ಟ್ ಎಲ್ಲ ಬರುತ್ತದೆ. ಗ್ರೀಸ್ ಫಿಯೋರ್ಡ್‌ನಲ್ಲಿ ಕಸ್ಟಮ್ಸ್ ಕಚೇರಿ ಇಲ್ಲ, ಇರುವುದೊಂದು ಪೊಲೀಸ್ ಠಾಣೆ. ನನ್ನ ಪ್ರಕಾರ ವರ್ಷಕ್ಕೆ ನಾಲ್ಕೇ ಸಲ ಆದರೂ ಒಂದು ಟ್ವಿನ್ ಆಟರ್ ಆಚೆ ಹೋಗಿಬಂದರೆ ಸಾಕು. ವಾರ್ಡಿನಲ್ಲಿ ಅಜ್ಜಿಯಂದಿರು ಗ್ರೀನ್‌ಲ್ಯಾಂಡ್‌ನ ನೆಂಟರ ಹೆಸರು ಹೇಳುವುದು ಕೇಳಿದವಳು ನಾನು. 360 ಕಿಲೋಮೀಟರಿಗೆ ಟೊರೊಂಟೊ ಸುತ್ತು ಅಂತ ಅವರಿಗೆ ಹೇಳಲು ಬಾಯಿ ಬರುವುದಿಲ್ಲ.

ಕರಾವಳಿ_ಕಡಲ:
ಅಕ್ಕ, ನಮ್ಮಂಥವರು ನೋಡಲಿಕ್ಕೆ ಹೋಗುವುದಾದರೆ? ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು?

ಒಟ್ಟಾವಾ_ಅಕ್ಕ:
ಕೆನಡಾಗೆ ಒಂದು ವೀಸಾ. ಗ್ರೀನ್‌ಲ್ಯಾಂಡ್ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಗುಂಪು) ಒಳಗೆ ಬರುವುದಿಲ್ಲ. ಡೆನ್ಮಾರ್ಕ್ ಕೊಡುವ ವೀಸಾದಲ್ಲಿ ಗ್ರೀನ್‌ಲ್ಯಾಂಡ್‌ಗೂ ನಡೆಯುತ್ತದೆ ಅಂತ ಬೇರೆಯಾಗಿ ನಮೂದಿಸಿರಬೇಕು. ಐಸ್‌ಲ್ಯಾಂಡ್, ಕೋಪನ್‌ಹೇಗನ್ ಮೂಲಕ ಹೋದರೆ ಷೆಂಗೆನ್ ಕೂಡ ನೋಡಿಕೊಳ್ಳಿ. ಷೆಂಗೆನ್ ಸ್ಟಾಂಪ್ ಇದೆ, ಸಾಕು ಅಂದುಕೊಂಡು ಹೊರಡಬೇಡಿ. ಮತ್ತೆ ಪ್ರತಿ ಬದಲಾವಣೆಗೂ ಎರಡು ಮೂರು ದಿನ ಕೈಯಲ್ಲಿಟ್ಟುಕೊಳ್ಳಿ, ಹವಾಮಾನ ಯಾರ ಮಾತೂ ಕೇಳುವುದಿಲ್ಲ.

ಶನಿವಾರದ_ಕ್ವಿಜ್:
ಎಲ್ಲರಿಗೂ ಥ್ಯಾಂಕ್ಸ್. ಪ್ರಶ್ನೆಯನ್ನೇ ಬದಲಿಸುತ್ತೇನೆ. ರೆಸೊಲ್ಯೂಟ್ 385, ಕಾನಾಕ್ 360 ಅಂದಮೇಲೆ ಹತ್ತಿರದ ಊರು ಬೇರೆ ದೇಶದಲ್ಲಿದೆ! ಹೀಗೆ ಕೇಳುತ್ತೇನೆ: “ಗ್ರೀಸ್ ಫಿಯೋರ್ಡ್‌ಗೆ ಅತಿ ಹತ್ತಿರದ ಊರು ಯಾವುದು?” ಉತ್ತರ ಕಾನಾಕ್. ಆಮೇಲೆ ಉಪಪ್ರಶ್ನೆ: ಅಲ್ಲಿಗೆ ವಿಮಾನದಲ್ಲಿ ಹೋಗಲು ಎಷ್ಟು ಕಿ.ಮೀ. ಸುತ್ತಬೇಕು?

ನಕ್ಷೆ_ಹುಚ್ಚ:
ನಿಲ್ಲಿ ನಿಲ್ಲಿ. ಕಾನಾಕ್‌ನ ವಾಯವ್ಯಕ್ಕೆ ಸಿಯೊರಾಪಾಲುಕ್ ಅಂತ ಒಂದು ಪುಟ್ಟ ಹಳ್ಳಿ ಇದೆ. ಗ್ರೀಸ್ ಫಿಯೋರ್ಡ್‌ಗೆ ಅದು ಇನ್ನೂ ಹತ್ತಿರ, 340ರ ಆಸುಪಾಸು. ಅಲ್ಲಿ ರನ್‌ವೇ ಇಲ್ಲ, ಕಾನಾಕ್‌ನಿಂದ ಹೆಲಿಕಾಪ್ಟರ್ ಹೋಗುತ್ತದೆ. ಯಾವುದಾದರೂ ಜಾಣ ಮಗು ಹಿಡಿದುಬಿಟ್ಟರೆ ನಿಮ್ಮ ಕಥೆ ಮುಗಿಯಿತು. “ವಿಮಾನ ಇಳಿಯುವ ರನ್‌ವೇ ಇರುವ ಊರುಗಳಲ್ಲಿ” ಅಂತ ಸೇರಿಸಿಕೊಳ್ಳಿ. ಉಪಪ್ರಶ್ನೆಯಲ್ಲಿ “ಬೇಸಿಗೆಯಲ್ಲಿ, ನೂಕ್ ಮೂಲಕ” ಅಂತಲೂ ಇರಲಿ, ಇಲ್ಲದಿದ್ದರೆ ಮೂರು ಉತ್ತರ ಬರುತ್ತವೆ.

ಹುಬ್ಳಿ_ಹುಡ್ಗ:
ಆಯ್ಕೆ ಕೊಡೋದಾದ್ರ ಇಕಾಲುಯಿಟ್ ಒಂದು ಹಾಕ್ರಿ ಸರ್. ರಾಜಧಾನಿ ಅಂತ ಅರ್ಧ ಹುಡುಗ್ರು ಅದಕ್ಕ ಬೀಳ್ತಾರ.